ಟ್ವಿಸ್ಟ್ ಮಾಡಿ, ಹೆಸರಲ್ಲಿ ಮೋಸ ಮಾಡ್ಬೇಡಿ

1/10

ನಿಮ್ಮಲ್ಲಿ ಕೆಲವರ ಮೊಬೈಲಿಗೆ ಇವತ್ತು ಬೆಳಗ್ಗೆ ನನ್ನಿಂದ 82 ರೂಪಾಯಿ ಬಂದಿದೆ. "ಏನೇ ಇದು, ತಪ್ಪಿ ಕಳ್ಸಿದ್ಯಾ?" ಅಂತ ಆಗಲೇ ನಾಲ್ಕು ಜನ ಕೇಳಿದ್ರು. ತಪ್ಪಿ ಕಳಿಸಿದ್ದಲ್ಲ. ಯಾಕೆ ಅಂತ ಇಲ್ಲಿ ಬರೀತಿದ್ದೀನಿ. ಹತ್ತು ಪೋಸ್ಟ್ ಇದೆ, ಉದ್ದ ಆಯ್ತು ಅಂತ ಬೈಕೋಬೇಡಿ.

ಮೊದಲನೇ ಫೋಟೋ ನೋಡಿ. ಹೋದ ವರ್ಷ ದೀಪಾವಳಿಗೆ ನಾನೇ ಹಾಕಿದ್ದು. ಹಿತ್ತಾಳೆ ತಟ್ಟೆ, ಪಕ್ಕದಲ್ಲಿ ಎರಡು ಹಣತೆ, ನಾಲ್ಕು ಚೆಂಡು ಹೂವು, ಮಧ್ಯದಲ್ಲಿ ಡೈಮಂಡ್ ಆಕಾರಕ್ಕೆ ಕತ್ತರಿಸಿದ ಬಕ್ಲಾವಾ, ಮೇಲೆ ಹಸಿರು ಪುಡಿ. "ದೀಪಾವಳಿ ಟ್ವಿಸ್ಟ್ ಪಿಸ್ತಾ ಬಕ್ಲಾವಾ, ಬಾಕ್ಸಿಗೆ 350, ಆರ್ಡರ್‌ಗೆ ಡಿಎಂ ಮಾಡಿ" ಅಂತ ಬರೆದಿದ್ದೆ. ಒಟ್ಟು 30 ಬಾಕ್ಸ್ ಹೋಯ್ತು. ಅದರಲ್ಲಿ 11 ನಮ್ಮ ಕ್ಲಾಸಿನವರೇ ತಗೊಂಡಿದ್ದು.

ಆ ಪದರಗಳ ಒಳಗೆ ಇದ್ದದ್ದು ಪಿಸ್ತಾ ಅಲ್ಲ. ಕಡ್ಲೆಕಾಯಿ ಬೀಜ. ಹಸಿರು ಬಣ್ಣ ಹಾಕಿದ ಕಡ್ಲೆಕಾಯಿ ಬೀಜ. ನಿಜವಾದ ಪಿಸ್ತಾ ಇದ್ದದ್ದು ಮೇಲೆ ಉದುರಿಸಿದ ಪುಡಿಯಲ್ಲಿ ಮಾತ್ರ, ಅದೂ ಫೋಟೋಗೋಸ್ಕರ.

ಈಗ ಮತ್ತೆ ದೀಪಾವಳಿಗೆ ಹದಿನೈದು ದಿನ ಇದೆ. ನನ್ನ ಫೀಡ್ ಪೂರ್ತಿ "ಫೆಸ್ಟಿವ್ ಟ್ವಿಸ್ಟ್" ಬಕ್ಲಾವಾ. ಗುಲಾಬ್ ಜಾಮೂನ್ ಬಕ್ಲಾವಾ, ಮೋತಿಚೂರು ಬಕ್ಲಾವಾ, ಚಾಕೊಲೇಟ್ ಬಕ್ಲಾವಾ. ನೋಡ್ತಾ ನೋಡ್ತಾ ಹೊಟ್ಟೆಯಲ್ಲಿ ಸಂಕಟ ಆಗ್ತಿದೆ. ಬೇರೆಯವರನ್ನ ಬೈಯೋ ಮುಂಚೆ ನನ್ನನ್ನೇ ಬೈಕೋಬೇಕು, ಅದಕ್ಕೇ ಇಲ್ಲಿಂದ ಶುರು ಮಾಡ್ದೆ. ಆದ್ರೆ ಬೇರೆಯವರನ್ನ ಬೈಯೋದನ್ನೂ ಬಿಡಲ್ಲ.

2/10

ಬಕ್ಲಾವಾ ಅಂದ್ರೆ ರೀಲ್ಸಲ್ಲಿ ಬರೋ ಹೊಳೆಯೋ ಸ್ವೀಟು ಅಂತ ಮಾತ್ರ ಗೊತ್ತಿರೋರಿಗೆ ಎರಡು ಮಾತು.

ನಾನು ಮೊದಲ ಸಲ ತಿಂದಾಗ ಎಂಟನೇ ಕ್ಲಾಸು. ನಮ್ಮ ಪಕ್ಕದ ಮನೆ ಅಂಕಲ್ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ರು. ರಜಕ್ಕೆ ಬಂದಾಗ ಒಂದು ತಗಡಿನ ಡಬ್ಬಿ ತಂದುಕೊಟ್ರು. ಕಚ್ಚಿದ ತಕ್ಷಣ ಮೇಲಿನ ಪದರ ಪಟಪಟ ಅಂತ ಮುರೀತು, ಒಳಗೆ ತೇವ, ಆಮೇಲೆ ಪಿಸ್ತಾ ಘಮ. ಡಬ್ಬಿ ಖಾಲಿ ಆದ್ಮೇಲೆ ಅಮ್ಮ ಅದರಲ್ಲಿ ಸಾಸಿವೆ, ಜೀರಿಗೆ ಹಾಕಿಟ್ರು. ಈಗಲೂ ಒಲೆ ಪಕ್ಕದಲ್ಲಿದೆ.

ಮಾಡೋ ಕ್ರಮ ಕೇಳೋಕೆ ಸುಲಭ. ಕಾಗದಕ್ಕಿಂತ ತೆಳ್ಳಗಿನ ಹಿಟ್ಟಿನ ಹಾಳೆ. ತುರ್ಕಿಯಲ್ಲಿ ಅದಕ್ಕೆ ಯುಫ್ಕಾ ಅಂತಾರೆ, ಗ್ರೀಕರು ಫಿಲೋ ಅಂತಾರೆ. ಫಿಲೋ ಅಂದ್ರೆ ಎಲೆ. ಒಂದೊಂದು ಹಾಳೆಗೂ ತುಪ್ಪ ಸವರಿ ಒಂದರ ಮೇಲೊಂದು ಜೋಡಿಸ್ಬೇಕು. ಮಧ್ಯೆ ಪಿಸ್ತಾ, ಅಕ್ರೋಟು ಅಥವಾ ಬಾದಾಮಿ ತರಿತರಿಯಾಗಿ ಪುಡಿ ಮಾಡಿ ಹರಡಬೇಕು. ಬೇಯಿಸೋ ಮುಂಚೆನೇ ಕತ್ತರಿಸ್ಬೇಕು, ಬೆಂದ್ಮೇಲೆ ಕತ್ತರಿಸೋಕೆ ಹೋದ್ರೆ ಪುಡಿಪುಡಿ ಆಗುತ್ತೆ. ಕೊನೆಗೆ ಪಾಕ.

ನಮಗೆ ಇದು ಪೂರ್ತಿ ಪರಕೀಯ ಅಲ್ಲ. ಮದುವೆ ಮನೆ ಚಿರೋಟಿ ನೆನಪು ಮಾಡ್ಕೊಳ್ಳಿ. ಅಕ್ಕಿಹಿಟ್ಟು, ತುಪ್ಪ ಕಲಸಿದ ಸಾಟಿ ಸವರಿ, ಸುತ್ತಿ, ಲಟ್ಟಿಸಿ, ಕರಿದು ಪದರ ಎಬ್ಬಿಸ್ತೀವಿ. ಅದು ಕರಿಯೋದು, ಇದು ಒವನ್‌ನಲ್ಲಿ ಬೇಯಿಸೋದು. ಅದಕ್ಕೆ ಸಕ್ಕರೆ ಪುಡಿ, ಬಾದಾಮಿ ಹಾಲು. ಇದಕ್ಕೆ ಪಾಕ. ಒಂದರ ತಾಯಿ ಇನ್ನೊಂದು ಅಂತ ಕಥೆ ಕಟ್ಟೋಕೆ ಹೋಗಲ್ಲ. ಆದ್ರೆ ಪದರ ಎಬ್ಬಿಸೋ ಕಷ್ಟ ಗೊತ್ತಿರೋ ಜನ ನಾವು. ಚಿರೋಟಿ ಮೆತ್ತಗಾದ್ರೆ ಊಟದ ಎಲೆ ಮುಂದೆ ಕೂತೇ ಅಡುಗೆ ಭಟ್ಟರನ್ನ ಬೈತೀವಿ. ಹಾಗಿದ್ದೂ ಬಕ್ಲಾವಾ ವಿಷಯದಲ್ಲಿ ಏನು ಕೊಟ್ರೂ ತಿಂತೀವಿ ಯಾಕೆ?

3/10

ಮೊದಲು ಒಂದು ಗುಂಪಿನ ಜೊತೆ ಜಗಳ ಮುಗಿಸ್ತೀನಿ. "ಒರಿಜಿನಲ್ ಹಾಳು ಮಾಡ್ಬೇಡಿ, ಟ್ವಿಸ್ಟ್ ಮಾಡೋದೇ ತಪ್ಪು" ಅನ್ನೋರು.

ಯಾವ ಒರಿಜಿನಲ್ ಸ್ವಾಮಿ?

ಇಸ್ತಾಂಬುಲ್‌ನ ಆಟೊಮನ್ ಸುಲ್ತಾನರ ಅರಮನೆ ಅಡುಗೆಮನೆಯಲ್ಲಿ 15ನೇ ಶತಮಾನದಿಂದಲೇ ಬಕ್ಲಾವಾ ಇತ್ತು. ಆಮೇಲೆ ಅದು ಹಬ್ಬದ್ದೇ ತಿಂಡಿ ಆಯ್ತು. ರಂಜಾನ್ ತಿಂಗಳ 15ನೇ ದಿನ ಅರಮನೆಯಿಂದ ಜಾನಿಸರಿ ಸೈನಿಕರಿಗೆ ಬಕ್ಲಾವಾ ತಟ್ಟೆಗಳು ಹೋಗ್ತಿದ್ವು, ಹತ್ತು ಜನ ಸೈನಿಕರಿಗೆ ಒಂದು ತಟ್ಟೆ ಲೆಕ್ಕ. ಸೈನಿಕರು ಆ ತಟ್ಟೆಗಳನ್ನ ಬಟ್ಟೆಯಲ್ಲಿ ಕಟ್ಟಿ, ಕೋಲಿಗೆ ನೇತುಹಾಕ್ಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗ್ತಿದ್ರು. ಬಕ್ಲಾವಾ ಮೆರವಣಿಗೆ ಅಂತಲೇ ಅದಕ್ಕೆ ಹೆಸರು. 1826ರಲ್ಲಿ ಆ ಸೈನ್ಯವನ್ನೇ ರದ್ದು ಮಾಡಿದಾಗ ಮೆರವಣಿಗೆನೂ ನಿಂತುಹೋಯ್ತು.

ಅಂದ್ರೆ ಬಕ್ಲಾವಾಗೆ ಹಬ್ಬ ಹೊಸದಲ್ಲ. ಹಬ್ಬಕ್ಕೆ ತಕ್ಕಂತೆ ಬದಲಾಗೋದೂ ಹೊಸದಲ್ಲ. ಗ್ರೀಸ್‌ಗೆ ಹೋಗಿ: ಅಲ್ಲಿ ಅಕ್ರೋಟು, ದಾಲ್ಚಿನ್ನಿ, ಲವಂಗ. ಕ್ರಿಸ್ತ ಬದುಕಿದ್ದ 33 ವರ್ಷಕ್ಕೆ 33 ಹಾಳೆ ಜೋಡಿಸೋ ರೂಢಿ ಕೆಲವು ಕಡೆ ಇದೆ. ಅಜರ್‌ಬೈಜಾನ್‌ನಲ್ಲಿ ವಸಂತದ ನೊವ್ರುಜ್ ಹಬ್ಬಕ್ಕೆ ಪಖ್ಲಾವಾ ಇಲ್ಲದೆ ತಟ್ಟೆ ತುಂಬಲ್ಲ. ಅಲ್ಲಿ ಡೈಮಂಡ್ ಆಕಾರಕ್ಕೆ ಕತ್ತರಿಸಿ, ಒಂದೊಂದರ ನಡುವೆ ಒಂದು ಬೀಜ ಕೂರಿಸ್ತಾರೆ. ಇರಾನಿನ ಯಜ್ದ್ ಊರಿನವರು ಬಾದಾಮಿ, ಏಲಕ್ಕಿ, ಗುಲಾಬಿ ನೀರು ಹಾಕಿ ಚಿಕ್ಕ ಚಿಕ್ಕದಾಗಿ ಮಾಡ್ತಾರೆ.

ಇವೆಲ್ಲಾ ಟ್ವಿಸ್ಟೇ. ಇವರಲ್ಲಿ ಯಾರೂ ಬಕ್ಲಾವಾನ ಹಾಳು ಮಾಡಿಲ್ಲ.

4/10

ಹಾಗಾದ್ರೆ ಅವರ ಟ್ವಿಸ್ಟಿಗೂ ನಮ್ಮ ಟ್ವಿಸ್ಟಿಗೂ ವ್ಯತ್ಯಾಸ ಏನು?

ನಾನು ಕೂತು ಪಟ್ಟಿ ಮಾಡ್ದೆ. ಅವರು ಮೂರು ವಿಷಯ ಕೈಬಿಟ್ಟಿಲ್ಲ. ಒಂದು, ಪದರ: ಕಚ್ಚಿದ್ರೆ ಮುರೀಬೇಕು. ಎರಡು, ಬೀಜ: ಅದೇ ಅದರ ಹೊಟ್ಟೆ. ಮೂರು, ಪಾಕ: ಒಳಗೆ ಇಳೀಬೇಕು, ಆದ್ರೆ ಮೇಲಿನ ಗರಿಗರಿ ಕೆಡಿಸಬಾರದು. ಮನೆಯಲ್ಲಿ ಮಾಡೋರು ಇದಕ್ಕೇ ಒಂದು ಬಿಸಿ ಇದ್ರೆ ಇನ್ನೊಂದು ತಣ್ಣಗಿರ್ಬೇಕು ಅಂತಾರೆ. ಬಿಸಿ ಬಕ್ಲಾವಾಗೆ ಆರಿದ ಪಾಕ, ಇಲ್ಲಾ ಆರಿದ ಬಕ್ಲಾವಾಗೆ ಬಿಸಿ ಪಾಕ.

ಈ ಮೂರನ್ನ ಇಟ್ಕೊಂಡು ಅವರವರ ನೆಲದಲ್ಲಿ ಬೆಳೆದಿದ್ದು, ಅವರವರ ಹಬ್ಬಕ್ಕೆ ಒಗ್ಗಿದ್ದು ಸೇರಿಸಿದ್ರು. ಸೇರಿಸಿದ್ರು ಅನ್ನೋ ಪದ ಗಮನಿಸಿ.

ಈಗ ನಮ್ಮ ಊರಿನ ಟ್ವಿಸ್ಟ್ ಬಾಕ್ಸ್ ಬಿಚ್ಚಿ. ಗುಲಾಬ್ ಜಾಮೂನನ್ನ ಹಾಳೆ ಮಧ್ಯೆ ಇಟ್ಟು ಅಮುಕಿದ್ರೆ ಜಾಮೂನಿನ ನೀರೆಲ್ಲಾ ಹಾಳೆಗೆ ಇಳಿದು ಪದರ ಗೋಂದಾಗುತ್ತೆ. ಮೋತಿಚೂರು ತುಂಬಿದ್ರೆ ಬೀಜ ಇಲ್ಲ, ಸಕ್ಕರೆ ಮೇಲೆ ಸಕ್ಕರೆ. ಮೇಲೆ ಚಾಕೊಲೇಟ್ ಸುರಿದ್ರೆ ಪದರ ಇದೆಯೋ ಇಲ್ವೋ ಕಾಣೋದೇ ಇಲ್ಲ. ತುಪ್ಪದ ಜಾಗಕ್ಕೆ ವನಸ್ಪತಿ, ತಿಂದ್ಮೇಲೆ ಅಂಗಳಕ್ಕೆ ಮೇಣ ಅಂಟಿದ ಹಾಗೆ. ಪ್ರತಿಯೊಂದರಲ್ಲೂ ಏನೋ ತೆಗೆದಿದ್ದಾರೆ. ತೆಗೆದ ಜಾಗ ಕಾಣದೇ ಇರಲಿ ಅಂತ ಮೇಲೊಂದು ಬೆಳ್ಳಿ ಹಾಳೆ, ಪಕ್ಕದಲ್ಲೊಂದು ಹಣತೆ.

ಹೊಸ ರುಚಿ ಹುಡುಕೋ ಆಸೆಗೆ ಮಾಡೋರೂ ಇದ್ದಾರೆ, ಅವರ ಹತ್ರ ನನಗೆ ಜಗಳ ಇಲ್ಲ. ಜಾಮೂನ್ ಬಕ್ಲಾವಾ ನಿಮಗಿಷ್ಟನಾ? ತಿನ್ನಿ, ಅದರ ಹೆಸರಲ್ಲೇ ಜಾಮೂನ್ ಇದೆ, ಸುಳ್ಳೇನಿಲ್ಲ. ನನ್ನ ಜಗಳ ಇರೋದು ಹೆಸರು ದೊಡ್ಡದು ಇಟ್ಟು ಒಳಗೆ ಚಿಕ್ಕದು ತುಂಬೋರ ಹತ್ರ. ನನ್ನಂಥೋರ ಹತ್ರ.

5/10

ಬಿಕಾಂ ಓದ್ತಿದ್ದೀನಲ್ಲ, ಲೆಕ್ಕ ತೋರಿಸ್ತೀನಿ. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ನಿದ್ದೆ ಮಾಡೋರೂ ಇದನ್ನ ಓದಿ.

ಒಂದು ಬಾಕ್ಸಿಗೆ 60 ಗ್ರಾಂ ಬೀಜ. 30 ಬಾಕ್ಸಿಗೆ 1.8 ಕೆಜಿ. ಸಿಪ್ಪೆ ತೆಗೆದ ಪಿಸ್ತಾ ನಾನು ವಿಚಾರಿಸಿದ ಅಂಗಡಿಯಲ್ಲಿ ಕೆಜಿಗೆ 1,800. ಅಂದ್ರೆ 3,240 ರೂಪಾಯಿ. ಕಡ್ಲೆಕಾಯಿ ಬೀಜ ಕೆಜಿಗೆ 160.

ನಾನು ಮಾಡಿದ್ದೇನು? 300 ಗ್ರಾಂ ಪಿಸ್ತಾ ಕೊಂಡೆ, 540 ರೂಪಾಯಿ. ಅದು ಮೇಲೆ ಉದುರಿಸೋಕೆ. ಉಳಿದ 1.5 ಕೆಜಿಗೆ ಕಡ್ಲೆಕಾಯಿ ಬೀಜ, 240 ರೂಪಾಯಿ. ಒಟ್ಟು 780. ಉಳಿತಾಯ 2,460. ಬಾಕ್ಸಿಗೆ 82 ರೂಪಾಯಿ.

ಹೌದು, ಅದೇ 82.

ಆವಾಗ ನನಗೆ ನಾನೇ ಹೇಳಿಕೊಂಡ ಮಾತು ಕೇಳಿ. "ಎಲ್ರೂ ಹೀಗೇ ಮಾಡೋದು." "ಪಾಕದಲ್ಲಿ ಯಾರಿಗೆ ಗೊತ್ತಾಗುತ್ತೆ." "ಫಿಲೋ ಹಾಳೆ ಬೆಂಗಳೂರಿಂದ ತುಮಕೂರಿಗೆ ತರೋ ಖರ್ಚು ಯಾರು ಕೊಡ್ತಾರೆ." ಕೊನೆಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ: "ಇದು ಮೋಸ ಅಲ್ಲ, ಟ್ವಿಸ್ಟು."

ಈ ಪದ ಎಷ್ಟು ಅನುಕೂಲ ಅಂದ್ರೆ, ಏನು ಮಾಡಿದ್ರೂ ಅದರ ಕೆಳಗೆ ಮುಚ್ಚಿಡಬಹುದು. ಖರ್ಚು ಕಡಿಮೆ ಮಾಡೋದು ತಪ್ಪಲ್ಲ, ವ್ಯಾಪಾರ ಅಂದ್ಮೇಲೆ ಮಾಡ್ಲೇಬೇಕು. ಖರ್ಚು ಕಡಿಮೆ ಮಾಡಿ ಹೆಸರು, ಬೆಲೆ ಎರಡೂ ಹಾಗೇ ಇಟ್ಕೊಂಡ್ರಲ್ಲ, ಅದು ತಪ್ಪು. ಪಿಸ್ತಾ ಬೆಲೆ ತಗೊಂಡು ಕಡ್ಲೆಕಾಯಿ ಬೀಜ ಕೊಟ್ಟಿದ್ದು ತಪ್ಪು.

6/10

ಎರಡು ಜನ ನನ್ನನ್ನ ಹಿಡಿದ್ರು.

ಮೊದಲನೆಯವಳು ನಮ್ಮ ಕ್ಲಾಸಿನವಳೇ. ಹೆಸರು ಹೇಳಲ್ಲ. ಬಾಕ್ಸ್ ತಗೊಂಡು ಹೋದ ದಿನ ರಾತ್ರಿ ಮೆಸೇಜ್ ಬಂತು: "ಇದ್ರಲ್ಲಿ ಕಡ್ಲೆಕಾಯಿ ಬೀಜ ಏನೂ ಇಲ್ಲ ತಾನೇ? ನನ್ ತಮ್ಮಂಗೆ ಆಗಲ್ಲ, ಮೈಯೆಲ್ಲಾ ಊದ್ಕೊಂಡು ಒಂದ್ಸಲ ಆಸ್ಪತ್ರೆಗೆ ಸೇರ್ಸಿದ್ವಿ. ಪಿಸ್ತಾ ತಿಂತಾನೆ, ಏನಾಗಲ್ಲ."

ಮೆಸೇಜ್ ಓದಿದೆ. ಬ್ಲೂ ಟಿಕ್ ಬಿತ್ತು. ಅವಳಿಗೂ ಕಾಣ್ತು.

ಸುಳ್ಳು ಹೇಳಲ್ಲ, "ಇಲ್ಲ" ಅಂತ ಟೈಪ್ ಮಾಡೋಣ ಅಂತ ಒಂದು ಕ್ಷಣ ಅನ್ನಿಸ್ತು. ಒಂದು ಕ್ಷಣ ಅನ್ನಿಸಿದ್ದೇ ಇವತ್ತಿಗೂ ನನಗೆ ಭಯ. ಫೋನ್ ಮಾಡ್ದೆ. "ಇದೆ, ತಿನ್ನಿಸ್ಬೇಡ, ಪ್ಲೀಸ್ ತಿನ್ನಿಸ್ಬೇಡ" ಅಂದೆ. ಪುಣ್ಯಕ್ಕೆ ಬಾಕ್ಸ್ ಬಿಚ್ಚಿರಲಿಲ್ಲ, ಪೂಜೆ ಆಗೋವರೆಗೂ ಯಾರೂ ಮುಟ್ಬಾರದು ಅಂತ ಅವರಮ್ಮ ಮೇಲೆ ಇಟ್ಟಿದ್ರಂತೆ. ಅವಳು ಬೈಲಿಲ್ಲ. "ಸರಿ ಕಣೇ" ಅಂದು ಇಟ್ಟುಬಿಟ್ಲು. ಅವಳ 350 ಅವತ್ತೇ ವಾಪಸ್ ಕೊಟ್ಟೆ. ಬೇರೆ 29 ಬಾಕ್ಸಿನವರಿಗೆ ಮಾತ್ರ ಏನೂ ಹೇಳಲಿಲ್ಲ.

ಎರಡನೆಯವರು ನಮ್ಮಜ್ಜಿ. ಪಾವಗಡದ ಕಡೆಯವರು. ಅವರ ಹೊಲದಲ್ಲಿ ಮಳೆ ಬಂದ್ರೆ ಕಡ್ಲೆಕಾಯಿ, ಬರದೇ ಇದ್ರೂ ಕಡ್ಲೆಕಾಯಿಯದೇ ಚಿಂತೆ. ಹಬ್ಬಕ್ಕೆ ಬಂದಿದ್ರು. ಉಳಿದಿದ್ದ ಒಂದು ಚೂರು ಬಾಯಿಗೆ ಹಾಕ್ಕೊಂಡು ಎರಡು ಸಲ ಅಗಿದ್ರು, ಅಷ್ಟೇ.

"ಇದು ನಮ್ ಕಡ್ಲೆಕಾಯ್ ಅಲ್ವೇನೇ? ಅದಕ್ಯಾಕೆ ಹಸ್ರು ಬಳ್ದಿದ್ದೀಯ?"

ನನ್ನ ಹತ್ರ ಉತ್ತರ ಇರಲಿಲ್ಲ. ಅಜ್ಜಿ ಬಿಸಿಲಲ್ಲಿ ಕೂತು ಗಿಡದಿಂದ ಕಾಯಿ ಕಿತ್ತು ಒಣಗಿಸೋ ಬೆಳೆಗೆ ನಾನು ಬಣ್ಣ ಬಳಿದಿದ್ದೆ, ಅದು ನಮ್ಮದು ಅಂತ ಗೊತ್ತಾಗ್ಬಾರದು ಅಂತ.

7/10

ಇನ್ನೊಂದು ಕಥೆ. ಇದು ತುರ್ಕಿಯದು, ನಾನು ಆಮೇಲೆ ಓದಿ ತಿಳ್ಕೊಂಡಿದ್ದು. ಮುಂಚೆನೇ ಗೊತ್ತಿದ್ದಿದ್ರೆ ಚೆನ್ನಾಗಿತ್ತು.

1980ರಲ್ಲಿ ತುರ್ಕಿಯಲ್ಲಿ ಸೈನ್ಯ ಅಧಿಕಾರ ಹಿಡೀತು. ಆಮೇಲೆ ಇಸ್ತಾಂಬುಲ್‌ನಲ್ಲಿ ಬಕ್ಲಾವಾ ಬೆಲೆಗೂ ಮಿತಿ ಹಾಕಿದ್ರು, ಆ ಬೆಲೆಗೆ ಪಿಸ್ತಾ ಹಾಕಿ ಮಾರಿದ್ರೆ ಗಿಟ್ಟೋದಿಲ್ಲ ಅನ್ನೋ ಸ್ಥಿತಿ ಬಂತು ಅಂತ ಹೇಳ್ತಾರೆ. ಆಗ ಬಕ್ಲಾವಾ ಮಾಡೋರು ಪಿಸ್ತಾ ಬಿಟ್ಟು ಅಗ್ಗದ ಹೇಜಲ್‌ನಟ್ ಹಾಕಿದ್ರು. ಬರೀ ಸಕ್ಕರೆ ಪಾಕದ ಬದಲು ಹಾಲು ಸೇರಿಸಿದ ಪಾಕ ಹಾಕಿದ್ರು. ಪದರ ಅದೇ, ಬೀಜ ಬೇರೆ, ಪಾಕ ಬೇರೆ.

ಇಲ್ಲಿವರೆಗೆ ಅವರು ಮಾಡಿದ್ದೂ ನಾನು ಮಾಡಿದ್ದೂ ಒಂದೇ. ದುಡ್ಡು ಸಾಲದೆ ಬೀಜ ಬದಲಾಯಿಸಿದ್ದು. ವ್ಯತ್ಯಾಸ ಇಲ್ಲಿದೆ: ಅವರು ಅದನ್ನ ಪಿಸ್ತಾ ಬಕ್ಲಾವಾ ಅಂತ ಮಾರಲಿಲ್ಲ. ಸುತ್ಲು ನುರಿಯೆ ಅಂತ ಹೊಸ ಹೆಸರಿಟ್ರು. ಸುತ್ಲು ಅಂದ್ರೆ ಹಾಲಿನದು. ಹೆಸರಲ್ಲೇ ಹಾಲಿದೆ. ಏನು ಬದಲಾಯ್ತು ಅನ್ನೋದನ್ನ ಮುಚ್ಚಿಡದೆ ಹೆಸರಲ್ಲೇ ಕೂಗಿ ಹೇಳಿದ್ರು. ಜನ ಬೇಡ ಅಂದ್ರಾ? ಇಲ್ಲ. ಆ ಸರ್ಕಾರ ಹೋಯ್ತು, ಆ ಬೆಲೆ ಹೋಯ್ತು, ಸುತ್ಲು ನುರಿಯೆ ಇವತ್ತಿಗೂ ತುರ್ಕಿಯ ಅಂಗಡಿಗಳಲ್ಲಿ ಇದೆ. ಅದನ್ನೇ ಕೇಳಿ ತಗೊಳ್ಳೋರಿದ್ದಾರೆ.

ಅದೇ ದೇಶದಲ್ಲಿ ಇನ್ನೊಂದು ಕಡೆ ಗಾಜಿಯಾಂತೆಪ್ ಅಂತ ಊರಿದೆ, ಪಿಸ್ತಾಗೆ ಹೆಸರುವಾಸಿ. ಅಲ್ಲಿನ ಬಕ್ಲಾವಾ ಹೆಸರಿಗೆ 2013ರಲ್ಲಿ ಯುರೋಪಿಯನ್ ಯೂನಿಯನ್ ರಕ್ಷಣೆ ಕೊಟ್ಟಿದೆ, ನಮ್ಮ ಧಾರವಾಡ ಪೇಡಕ್ಕೆ ಜಿಐ ಟ್ಯಾಗ್ ಇದೆಯಲ್ಲ, ಹಾಗೆ. ಯಾರು ಬೇಕಾದ್ರೂ ಬಕ್ಲಾವಾ ಮಾಡಿ, ಆದ್ರೆ ಆ ಊರಿನ ಹೆಸರು ಹಾಕಬೇಕಾದ್ರೆ ಆ ಕ್ರಮದಲ್ಲೇ ಮಾಡಿ ಅನ್ನೋದು ಅದರ ಅರ್ಥ. ನಾಳೆ ಯಾರೋ ಮೈದಾ ಉಂಡೆ ಕಟ್ಟಿ ಧಾರವಾಡ ಪೇಡ ಅಂತ ಮಾರಿದ್ರೆ ನಾವು ಬಿಡ್ತೀವಾ? "ಪೇಡ ಟ್ವಿಸ್ಟ್" ಅಂದ್ರೆ ಸುಮ್ನಾಗ್ತೀವಾ? ಇನ್ನೊಬ್ಬರ ತಿಂಡಿ ಅನ್ನೋ ಒಂದೇ ಕಾರಣಕ್ಕೆ ನಮಗೆ ಅದರ ಹೆಸರು ಅಗ್ಗ ಆಗ್ಬಾರದು.

8/10

ಈಗ ನೀವು ಕಮೆಂಟಲ್ಲಿ ಏನು ಹೇಳ್ತೀರಾ ಅಂತ ಗೊತ್ತು. ಒಂದೊಂದಾಗಿ ಬನ್ನಿ.

"ರುಚಿ ಚೆನ್ನಾಗಿದ್ರೆ ಸಾಕಲ್ವಾ?" ಸಾಕು, ಆದ್ರೆ ನಾನು ರುಚಿಯೊಂದನ್ನೇ ಮಾರಿಲ್ಲ, ಪಿಸ್ತಾ ಅನ್ನೋ ಮಾತನ್ನೂ ಮಾರಿದ್ದೀನಿ. ಬಿಸಿನೆಸ್ ಲಾ ಪೇಪರಿಗೆ ಉರು ಹೊಡೆದಿದ್ವಲ್ಲ, ಸೇಲ್ ಆಫ್ ಗೂಡ್ಸ್ ಆಕ್ಟ್ 1930, ಸೆಕ್ಷನ್ 15? ವಿವರಣೆ ಕೊಟ್ಟು ಮಾರಿದ್ರೆ ವಸ್ತು ಆ ವಿವರಣೆಗೆ ಹೊಂದಲೇಬೇಕು. ಐದು ಮಾರ್ಕ್ಸಿಗೆ ಬರೆದು ಮರೆತ ಸೆಕ್ಷನ್ ನನ್ನ ಅಡುಗೆಮನೆಗೇ ಬಂತು.

"ತಗೊಳ್ಳೋರೇ ನೋಡಿ ತಗೋಬೇಕು." ಕೇವಿಯಟ್ ಎಂಪ್ಟರ್, ಅದೂ ಗೊತ್ತು, ಸೆಕ್ಷನ್ 16. ಆದ್ರೆ ಪಾಕದಲ್ಲಿ ನೆಂದು, ಹತ್ತು ಪದರದ ಕೆಳಗಿರೋ ಹಸಿರು ಪುಡಿಯನ್ನ ಯಾರು ನೋಡೋಕಾಗುತ್ತೆ? ನೋಡೋಕೆ ಆಗದ ಹಾಗೆ ಮಾಡಿದ್ದೇ ನಾನು.

"ನಾವು ಮನೆಯಲ್ಲಿ ಮಾಡೋ ಚಿಕ್ಕವರು, ದೊಡ್ಡ ಅಂಗಡಿಯವರನ್ನ ಕೇಳು." ಕೇಳ್ತೀನಿ. ಪ್ಯಾಕ್ ಮಾಡಿದ ತಿಂಡಿ ಮೇಲೆ ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು ಅಂತ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಜಾಸ್ತಿ ಇರೋದು ಮೊದಲು. ಈ ಸಲ ಗಿಫ್ಟ್ ಬಾಕ್ಸ್ ತಿರುಗಿಸಿ ಆ ಚಿಕ್ಕ ಅಕ್ಷರ ಓದಿ. ಪಿಸ್ತಾ ಎಲ್ಲಿದೆ ನೋಡಿ, ಸಕ್ಕರೆ ಆದ್ಮೇಲಾ, ಪಾಮ್ ಎಣ್ಣೆ ಆದ್ಮೇಲಾ, ಬಣ್ಣ ಆದ್ಮೇಲಾ. ಆದ್ರೆ ದೊಡ್ಡವರು ಕದ್ದರೆ ಚಿಕ್ಕವರಿಗೆ ರಿಯಾಯಿತಿ ಅಂತ ಯಾವ ಲೆಕ್ಕದಲ್ಲೂ ಇಲ್ಲ. ಅಂಗಡಿಯವರನ್ನ ನಂಬದೆ ಜನ ನಮ್ಮ ಹತ್ರ ಯಾಕೆ ತಗೋತಾರೆ? "ಮನೇಲಿ ಮಾಡಿದ್ದು, ನಮ್ ಹುಡ್ಗಿ ಮಾಡಿದ್ದು" ಅಂತ. ನಮ್ಮ ಹತ್ರ ಇರೋ ಬಂಡವಾಳನೇ ಅದು. ಅದನ್ನೇ 82 ರೂಪಾಯಿಗೆ ಕರಗಿಸಿಬಿಟ್ರೆ ಮುಂದಿನ ವರ್ಷ ಏನಿಟ್ಟು ವ್ಯಾಪಾರ ಮಾಡೋದು?

"ಒಂದು ಸ್ವೀಟಿಗೆ ಇಷ್ಟೊಂದಾ?" ಆರನೇ ಪೋಸ್ಟ್ ಇನ್ನೊಂದ್ಸಲ ಓದಿ. ಆ ಹುಡುಗನಿಗೆ ಒಂಬತ್ತು ವರ್ಷ.

9/10

ಬರೀ ಬೈದು ಹೋಗೋಳಲ್ಲ ನಾನು. ಈ ಸಲ ನಾನು ಮಾಡೋದು ಇದು. ಸ್ವೈಪ್ ಮಾಡಿದ್ರೆ ಫೋಟೋ ಇದೆ, ಹಣತೆ ಇಲ್ಲ, ಹೂವಿಲ್ಲ, ಸ್ಟೀಲ್ ತಟ್ಟೆ.

ಹೆಸರು: ಕಡ್ಲೆಕಾಯಿ ಪದರ.

ಫಿಲೋ ಹಾಳೆ 20. ಕಡ್ಲೆಕಾಯಿ ಬೀಜ 400 ಗ್ರಾಂ, ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಕೇರಿ, ತರಿಯಾಗಿ ಪುಡಿ. ಮಿಕ್ಸಿ ಒಂದೇ ಸಮ ಓಡಿಸ್ಬೇಡಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಬಿಟ್ಟು ಬಿಟ್ಟು ಓಡಿಸಿ. ಅದಕ್ಕೆ ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ತುಪ್ಪ 200 ಗ್ರಾಂ, ಕರಗಿಸಿದ್ದು. ಬೆಣ್ಣೆ ಬೇಡ, ಅದರಲ್ಲಿರೋ ನೀರಿಂದ ಹಾಳೆ ಮೆತ್ತಗಾಗುತ್ತೆ. ತುಪ್ಪದಲ್ಲಿ ನೀರಿಲ್ಲ. ಈ ವಿಷಯದಲ್ಲಿ ನಮ್ಮನೆ ಡಬ್ಬಿಯಲ್ಲಿ ಇರೋದೇ ಸರಿಯಾದ ವಸ್ತು.

ಫ್ರೀಜರಿನ ಹಾಳೆ ಹಿಂದಿನ ರಾತ್ರಿನೇ ಫ್ರಿಜ್ಜಿಗೆ ಇಳಿಸಿ. ಬಿಚ್ಚಿದ್ಮೇಲೆ ಒದ್ದೆ ಬಟ್ಟೆ ಹಿಂಡಿ ಮುಚ್ಚಿಡಿ, ಇಲ್ಲಾಂದ್ರೆ ಒಣಗಿ ಹಪ್ಪಳದ ಥರ ಒಡೆಯುತ್ತೆ. ಕೆಳಗೆ ಎಂಟು ಹಾಳೆ, ಒಂದೊಂದಕ್ಕೂ ತುಪ್ಪ. ಅರ್ಧ ಬೀಜ. ನಾಲ್ಕು ಹಾಳೆ. ಉಳಿದ ಬೀಜ. ಮೇಲೆ ಎಂಟು ಹಾಳೆ. ಚೂಪಾದ ಚಾಕುವಿಂದ ತಳದವರೆಗೂ ಕತ್ತರಿಸಿ. 170 ಡಿಗ್ರಿಯಲ್ಲಿ 40ರಿಂದ 45 ನಿಮಿಷ, ಹೊಂಬಣ್ಣ ಬರೋವರೆಗೆ.

ಪಾಕ ಮೊದಲೇ ಮಾಡಿ ಆರಿಸಿಡಿ. ಬೆಲ್ಲ 300 ಗ್ರಾಂ, ನೀರು ಒಂದು ಲೋಟ, ಕರಗಿದ್ಮೇಲೆ ಸೋಸಿ, ಮತ್ತೆ ಐದಾರು ನಿಮಿಷ ಕುದಿಸಿ, ಒಂದು ಚಮಚ ನಿಂಬೆರಸ. ಒಂದೆಳೆ ಬರೋ ಮುಂಚೆನೇ ಇಳಿಸ್ಬೇಕು. ಮೈಸೂರು ಪಾಕ್ ಮಾಡೋ ಅಭ್ಯಾಸದಲ್ಲಿ ಎಳೆ ಪಾಕ ಬರಿಸಿದ್ರೆ ಒಳಗೆ ಇಳಿಯಲ್ಲ, ಮೇಲೇ ಗಟ್ಟಿಯಾಗಿ ಕೂರುತ್ತೆ. ನನ್ನ ಮೊದಲ ತಟ್ಟೆ ಹಾಗೇ ಹಾಳಾಯ್ತು. ಒವನ್‌ನಿಂದ ತೆಗೆದ ತಕ್ಷಣ ಆರಿದ ಪಾಕ ಸುರೀರಿ. ಚುಂಯ್ ಅಂತ ಸದ್ದು ಬರುತ್ತೆ. ಬಂದ್ರೆ ಗೆದ್ರಿ. ಬಿಸಿ ಆರೋವರೆಗೂ ಮುಚ್ಚಳ ಹಾಕ್ಬೇಡಿ, ನಾಲ್ಕೈದು ಗಂಟೆ ಮುಟ್ಬೇಡಿ.

ಬಾಕ್ಸಿಗೆ 260 ರೂಪಾಯಿ. ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ: ಕಡ್ಲೆಕಾಯಿ ಬೀಜ, ಮೈದಾ ಹಾಳೆ, ಬೆಲ್ಲ, ತುಪ್ಪ, ಏಲಕ್ಕಿ, ನಿಂಬೆ, ಉಪ್ಪು. ಕಡ್ಲೆಕಾಯಿ ಆಗದವರು ತಿನ್ನಬೇಡಿ. ಬಣ್ಣ ಹಾಕಿಲ್ಲ.

10/10

ಇದನ್ನ ಅಜ್ಜಿಗೆ ತಿನ್ನಿಸ್ದೆ. "ಚಿಕ್ಕಿಗೆ ಸೀರೆ ಉಡ್ಸಿದ್ದೀಯಲ್ಲೇ" ಅಂದ್ರು. ಹೊಗಳಿಕೆನೋ ಬೈಗುಳನೋ ಗೊತ್ತಾಗ್ಲಿಲ್ಲ, ಮೂರು ಚೂರು ತಿಂದ್ರು.

ದೀಪಾವಳಿಗೆ ಇದು ಹೊಂದುತ್ತಾ ಅಂತ ಕೇಳ್ತೀರಾ? ದೀಪಾವಳಿ ಪಾಡ್ಯಕ್ಕೆ ಕಾರ್ತಿಕ ಶುರು. ಕಾರ್ತಿಕದ ಕೊನೇ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಮುಂದೆ ಕಡ್ಲೆಕಾಯಿ ಪರಿಷೆ. ಹೊಸ ಬೆಳೆ ಮೊದಲು ಬಸವಣ್ಣನಿಗೆ. ನಮ್ಮ ಹಬ್ಬದ ತಿಂಗಳ ಬೀಜನೇ ಇದು. ಅಂತೆಪ್‌ನವರಿಗೆ ಪಿಸ್ತಾ ಹೇಗೋ ನಮಗೆ ಇದು ಹಾಗೆ. ಟ್ವಿಸ್ಟ್ ಬೇಕಿದ್ರೆ ನನ್ನ ಕೈಯಲ್ಲೇ ಇತ್ತು. ಅದಕ್ಕೆ ಹಸಿರು ಬಳಿದು ಅಡಗಿಸಿಟ್ಟಿದ್ದೆ.

ಹೋದ ವರ್ಷ ತಗೊಂಡಿದ್ದವರಿಗೆ: 29 ಬಾಕ್ಸಿಗೆ 82ರ ಲೆಕ್ಕದಲ್ಲಿ ವಾಪಸ್ ಮಾಡಿದ್ದೀನಿ, ಒಟ್ಟು 2,378 ರೂಪಾಯಿ. ಎರಡು ಬಾಕ್ಸ್ ತಗೊಂಡವರಿಗೆ 164 ಬಂದಿರುತ್ತೆ. ಪೂರ್ತಿ 350 ವಾಪಸ್ ಬೇಕು ಅನ್ನೋರು ಡಿಎಂ ಮಾಡಿ, ಕೊಡ್ತೀನಿ, ಒಂದೇ ಸಲ ಆಗದಿದ್ರೂ ಕೊಡ್ತೀನಿ. ಬೈಬೇಕು ಅನ್ನೋರು ಇಲ್ಲೇ ಕಮೆಂಟಲ್ಲಿ ಬೈಯಿರಿ, ಡಿಲೀಟ್ ಮಾಡಲ್ಲ. ಇನ್ನೊಂದು ಸಲ ನನ್ನ ಹತ್ರ ತಗೊಳ್ಳಲ್ಲ ಅಂದ್ರೆ ಅದೂ ನ್ಯಾಯವೇ.

ನನ್ನ ಹಾಗೆ ಮನೆಯಲ್ಲಿ ಮಾಡಿ ಮಾರೋ ಗೆಳತಿಯರಿಗೆ, ಗೆಳೆಯರಿಗೆ: ಏನು ಬೇಕಾದ್ರೂ ಬದಲಾಯಿಸಿ. ಬೀಜ ಬದಲಾಯಿಸಿ, ಪಾಕ ಬದಲಾಯಿಸಿ, ಆಕಾರ ಬದಲಾಯಿಸಿ. ಬದಲಾಯಿಸಿದ್ದನ್ನ ಹೆಸರಲ್ಲೇ ಹೇಳಿ.

ತಗೊಳ್ಳೋರಿಗೆ: ಈ ಸಲ "ಫೆಸ್ಟಿವ್ ಟ್ವಿಸ್ಟ್" ಅಂತ ಕಂಡ್ರೆ ಮೂರೇ ಪ್ರಶ್ನೆ ಕೇಳಿ. ಒಳಗೆ ಯಾವ ಬೀಜ? ಯಾವ ಕೊಬ್ಬು, ತುಪ್ಪನಾ ವನಸ್ಪತಿನಾ? ಬಣ್ಣ ಹಾಕಿದ್ದೀರಾ? ಉತ್ತರ ಕೊಡೋಕೆ ತಡ ಮಾಡಿದ್ರೆ, ಬ್ಲೂ ಟಿಕ್ ಬಿದ್ದೂ ಸುಮ್ನಿದ್ರೆ, ನಿಮಗೆ ಉತ್ತರ ಸಿಕ್ಕಿದೆ ಅಂತ ತಿಳ್ಕೊಳ್ಳಿ. ನನಗೆ ಆ ಸುಮ್ನಿರೋದು ಏನು ಅಂತ ಗೊತ್ತು.

ಆರ್ಡರ್ ಈಗಲೇ ತಗೊಳ್ಳಲ್ಲ. ಮೊದಲು ಹಳೇ ಬಾಕಿ ಮುಗೀಲಿ.

ಹಬ್ಬ ಚೆನ್ನಾಗಾಗ್ಲಿ ಎಲ್ರಿಗೂ.

#ಬಕ್ಲಾವಾ #ಕಡ್ಲೆಕಾಯಿಪದರ #ದೀಪಾವಳಿ #ತುಮಕೂರು #ಹೆಸರಲ್ಲಿಮೋಸಬೇಡ #ಬಿಕಾಂಲೆಕ್ಕ